ಪೋರ್ಟ್ರೇಟ್‌ಗೆ 85 ಎಂಎಂ ಲೆನ್ಸ್ ಬೇಕೋ, 56 ಸಾಕೋ? ಮೊದಲು ನಿಮ್ಮ ಕೋಣೆ ಅಳೆಯಿರಿ

ಪ್ರಶ್ನೆ: ಸರ್, ವಿಜಯಪುರದಲ್ಲಿ ನಮ್ಮ ತಂದೆಯವರು ನಡೆಸುತ್ತಿದ್ದ ಫೋಟೊ ಸ್ಟುಡಿಯೋವನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಕ್ಯಾಮೆರಾ ಸೋನಿ ಎ6400. ಅದರ ಜೊತೆ ಬಂದ 16-50 ಕಿಟ್ ಲೆನ್ಸ್ ಒಂದೇ ಇದೆ. ಸ್ಟುಡಿಯೋ ಕೋಣೆ 15 ಅಡಿ ಉದ್ದ, 10 ಅಡಿ ಅಗಲ. ಕುಬಸ, ಜವಳ, ಮದುವೆ, ಪ್ರಿ-ವೆಡ್ಡಿಂಗ್ ಎಲ್ಲಾ ಕೆಲಸ ಹಿಡಿಯುತ್ತೇನೆ. ಹಿನ್ನೆಲೆ ಚೆನ್ನಾಗಿ ಬ್ಲರ್ ಆಗುವ ಒಂದು ಪ್ರೈಮ್ ಲೆನ್ಸ್ (ಝೂಮ್ ಇಲ್ಲದ್ದು) ಬೇಕು. ಸೋನಿಯವರದೇ 85 ಎಂಎಂ ನನ್ನ ಕೈಗೆ ಎಟುಕುತ್ತಿಲ್ಲ. ಸಿಗ್ಮಾ, ವಿಲ್‌ಟ್ರಾಕ್ಸ್, ಸಮ್ಯಾಂಗ್ ನೋಡು ಅಂತ ಗೆಳೆಯರು ಹೇಳುತ್ತಾರೆ. ಬೇರೆ ಕಂಪನಿ ಲೆನ್ಸ್ ಹಾಕಿದರೆ ಕ್ಯಾಮೆರಾ ಕೆಡುತ್ತದೆ ಅಂತ ಇನ್ನು ಕೆಲವರು ಹೆದರಿಸುತ್ತಾರೆ. ಎರಡು ವರ್ಷದಲ್ಲಿ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಗೆ ಹೋಗುವ ಆಸೆ ಇದೆ. ಹಾಗಾಗಿ ಈಗಲೇ 85 ತೆಗೆದುಕೊಂಡುಬಿಡಲೇ?

ಉತ್ತರ: ಬೇಡ. ನಿಮ್ಮ ಈಗಿನ ಕ್ಯಾಮೆರಾಗೆ, ಈಗಿನ ಕೋಣೆಗೆ 56 ಎಂಎಂ ಸರಿ. ಎಂಎಂ ಅಂಕಿ ಹೆಚ್ಚಾದಷ್ಟೂ ಎದುರಿನದು ಹತ್ತಿರ ಕಾಣುತ್ತದೆ. ಕಂಪನಿ ಯಾವುದು ಅನ್ನುವುದು ಆಮೇಲಿನ ಮಾತು. ನೀವು ಕಂಪನಿಗಳ ಹೆಸರು ಮೂರು ಬರೆದಿದ್ದೀರಿ, ಕೋಣೆಯ ಅಳತೆ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನ್ನ ಲೆಕ್ಕದಲ್ಲಿ ಆ ಒಂದು ಸಾಲೇ ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಕೊಡುತ್ತದೆ.

ಎ6400ರ ಒಳಗಿರುವುದು ಎಪಿಎಸ್-ಸಿ ಅಳತೆಯ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಫಲಕ. ಫುಲ್ ಫ್ರೇಮ್‌ಗಿಂತ ಚಿಕ್ಕದು. ಅದಕ್ಕೆ ಯಾವ ಲೆನ್ಸ್ ಹಾಕಿದರೂ ಕಾಣುವ ನೋಟ ಒಂದೂವರೆ ಪಟ್ಟು ಹತ್ತಿರ ಬಂದಂತೆ ಆಗುತ್ತದೆ. 56ನ್ನು 1.5ರಿಂದ ಗುಣಿಸಿದರೆ 84. ಅಂದರೆ ಫುಲ್ ಫ್ರೇಮ್‌ನವರು 85 ಹಾಕಿ ನೋಡುವುದನ್ನೇ ನೀವು 56ರಲ್ಲಿ ನೋಡುತ್ತೀರಿ. ನೀವು 85 ಹಾಕಿದರೆ ಅದು 127ರ ಹತ್ತಿರ ಹೋಗುತ್ತದೆ. ಬಯಲಿನಲ್ಲಿ ಅದು ಚೆಂದ. 15 ಅಡಿ ಕೋಣೆಯಲ್ಲಿ?

ಒಂದು ಸುಲಭ ಲೆಕ್ಕ ಕೊಡುತ್ತೇನೆ. ಕ್ಯಾಮೆರಾವನ್ನು ನಿಲುವಾಗಿ ಹಿಡಿದಿದ್ದೀರಿ ಅಂದುಕೊಳ್ಳಿ. ನಿಮಗೂ ಎದುರಿನವರಿಗೂ ಇರುವ ದೂರವನ್ನು 56 ಎಂಎಂ ಆದರೆ 0.42ರಿಂದ, 85 ಆದರೆ 0.28ರಿಂದ, 35 ಆದರೆ 0.67ರಿಂದ ಗುಣಿಸಿ. ಬರುವ ಅಂಕಿಯೇ ಫ್ರೇಮಿನಲ್ಲಿ ಹಿಡಿಯುವ ಎತ್ತರ. ದೂರ ಅಡಿಯಲ್ಲಿದ್ದರೆ ಉತ್ತರವೂ ಅಡಿಯಲ್ಲೇ.

ಈಗ ನಿಮ್ಮ ಕೋಣೆಗೆ ಬನ್ನಿ. ಹಿನ್ನೆಲೆ ಪರದೆಯ ಮೇಲೆ ನೆರಳು ಬೀಳಬಾರದು ಅಂದರೆ ಕೂರುವವರು ಪರದೆಯಿಂದ ಮೂರು ಅಡಿಯಾದರೂ ಮುಂದೆ ಇರಬೇಕು. ನೀವು ನಿಲ್ಲಲು, ಬೆನ್ನು ಗೋಡೆಗೆ ತಾಗದಿರಲು ಇನ್ನೆರಡು ಅಡಿ. ಕೈಯಲ್ಲಿ ಉಳಿಯುವುದು 10 ಅಡಿ. ಆ 10 ಅಡಿಯಲ್ಲಿ 85 ಲೆನ್ಸ್ 2.8 ಅಡಿ ಎತ್ತರ ಹಿಡಿಯುತ್ತದೆ. ಎದೆಮಟ್ಟದ ಫೋಟೊ ಬರುತ್ತದೆ, ಅಷ್ಟೇ. 56 ಲೆನ್ಸ್ 4 ಅಡಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಸೊಂಟದವರೆಗೆ, ಕೈಯಲ್ಲಿ ಮಗು ಇದ್ದರೂ ಆರಾಮ. ನಿಂತವರನ್ನು ತಲೆಯಿಂದ ಪಾದದವರೆಗೆ ಹಿಡಿಯಲು, ಮೇಲೆ ಕೆಳಗೆ ಒಂದಿಷ್ಟು ಜಾಗ ಸೇರಿ, ಆರೂವರೆ ಅಡಿ ಬೇಕು. ಅದು 10 ಅಡಿಯಿಂದ ಸಿಗುವುದು 35ರಲ್ಲಿ ಮಾತ್ರ. ಅದೇ ಫೋಟೊಗೆ 56ರಲ್ಲಿ 15-16 ಅಡಿ ಹಿಂದೆ ಸರಿಯಬೇಕು. 85ರಲ್ಲಿ 23-24 ಅಡಿ. ಬಾಗಿಲು ತೆಗೆದು ರಸ್ತೆಯಲ್ಲಿ ನಿಂತು ತೆಗೆಯಬೇಕಾಗುತ್ತದೆ!

ಹಾಗಾದರೆ 35 ಎಂಎಂ ತೆಗೆದುಕೊಳ್ಳಲೇ ಅಂತ ಕೇಳಬಹುದು. ಕುಬಸಕ್ಕೆ ಇಳಕಲ್ ಸೀರೆ ಉಟ್ಟು ಬಂದವರು ಸೀರೆಯ ಅಂಚು ಕಾಣುವಂತೆ ಆಳುದ್ದ ಫೋಟೊ ಕೇಳುತ್ತಾರೆ ಅಲ್ವಾ, ಆ ಕೆಲಸಕ್ಕೆ ನಿಮ್ಮ ಕಿಟ್ ಲೆನ್ಸೇ ಸಾಕು. ಸ್ಟುಡಿಯೋದಲ್ಲಿ ಫ್ಲ್ಯಾಶ್ ಹೊಡೆಯುತ್ತೀರಿ. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ತೂತು; ಎಫ್ ಅಂಕಿ ಚಿಕ್ಕದಾದಷ್ಟೂ ತೂತು ದೊಡ್ಡದು) ಹೇಗೂ ಎಫ್ 5.6, ಎಫ್ 8 ಇಟ್ಟಿರುತ್ತೀರಿ. ಅಲ್ಲಿ ಕಿಟ್ ಲೆನ್ಸಿಗೂ ದುಬಾರಿ ಪ್ರೈಮ್‌ಗೂ ಇರುವ ಅಂತರ ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಎಫ್ 1.4 ಲೆನ್ಸಿಗೆ ಕೊಡುವ ದುಡ್ಡು ವಸೂಲಾಗುವುದು ಕಲ್ಯಾಣ ಮಂಟಪದಲ್ಲಿ, ಸಂಜೆ ಹೊತ್ತಿನಲ್ಲಿ, ಕಿಟಕಿ ಬೆಳಕಿನಲ್ಲಿ. ಸ್ಟುಡಿಯೋ ಫ್ಲ್ಯಾಶ್ ಮುಂದೆ ಅಲ್ಲ. ಲೆನ್ಸ್ ಮಾರುವವರು ಈ ಮಾತು ಹೇಳುವುದಿಲ್ಲ.

ಇದನ್ನು ದುಡ್ಡು ಖರ್ಚಿಲ್ಲದೆ ಪರೀಕ್ಷೆ ಮಾಡಬಹುದು. ಕಿಟ್ ಲೆನ್ಸನ್ನು 50ರ ತುದಿಗೆ ತನ್ನಿ. ಅದರ ಮೈಮೇಲೆ ಅಂಕಿ ಬರೆದಿರುವುದಿಲ್ಲ, ಝೂಮ್ ಮಾಡುವಾಗ ಕ್ಯಾಮೆರಾದ ಪರದೆಯಲ್ಲಿ ಕಾಣುತ್ತದೆ. ಒಂದು ವಾರ ಝೂಮ್ ಮುಟ್ಟದೆ ಆ 50ರಲ್ಲೇ ಕೆಲಸ ಮಾಡಿ. ಎಲ್ಲಿ ಗೋಡೆಗೆ ಬೆನ್ನು ತಾಗಿತು, ಎಲ್ಲಿ ಮುಂದೆ ಹೋಗಬೇಕು ಅನಿಸಿತು, ಗಮನಿಸಿ. 56 ಅದಕ್ಕಿಂತ ಒಂಚೂರು ಬಿಗಿ ಇರುತ್ತದೆ, ಬೇರೇನಿಲ್ಲ.

"ಮಾರಿ ಚಂದ ಬರಬೇಕ್ರಿ" ಅನ್ನುತ್ತಾರೆ ನಮ್ಮ ಕಡೆ ಗಿರಾಕಿಗಳು. ಮುಖ ಚೆಂದ ಬರುವುದು ದೂರದಿಂದ. ಮುಖವನ್ನು ಬದಲಿಸುವುದು ಲೆನ್ಸ್ ಅಲ್ಲ, ನೀವು ನಿಂತ ಜಾಗ. ಎರಡು ಅಡಿಯಿಂದ ತೆಗೆದರೆ ಮೂಗು ದೊಡ್ಡದು, ಕಿವಿ ಚಿಕ್ಕದು. ಆರೇಳು ಅಡಿಯಿಂದ ತೆಗೆದರೆ ನಾವು ದಿನಾ ನೋಡುವ ಮುಖವೇ ಬರುತ್ತದೆ. 56ರಲ್ಲಿ ಎದೆಮಟ್ಟದ ಫೋಟೊ ತೆಗೆಯಲು ತಾನಾಗಿಯೇ ಆ ಆರೇಳು ಅಡಿಗೆ ಬಂದು ನಿಲ್ಲುತ್ತೀರಿ. ಮಗುವನ್ನು ಮಾತಾಡಿಸಿ ನಗಿಸುವಷ್ಟು ಹತ್ತಿರವೂ ಹೌದು. 85 ಹಾಕಿ ಅದೇ ಫೋಟೊ ತೆಗೆಯಲು 10 ಅಡಿ ಹಿಂದೆ ಹೋಗಿ ಕೂಗಬೇಕು.

ಇನ್ನು ಫುಲ್ ಫ್ರೇಮ್ ವಿಷಯ. ಕೈಯಲ್ಲಿ ಇಲ್ಲದ ಕ್ಯಾಮೆರಾಗೆ ಈಗಲೇ ಲೆನ್ಸ್ ಕೊಳ್ಳಬೇಡಿ. ಎರಡು ವರ್ಷದ ಮದುವೆ ಸೀಸನ್‌ಗಳಲ್ಲಿ 56 ಲೆನ್ಸ್ ದುಡಿದು ಕೊಡುವುದನ್ನು ಕಪಾಟಿನಲ್ಲಿ ಕೂತ 85 ಕೊಡುವುದಿಲ್ಲ. ನಾಳೆ ಸೋನಿಯ ಫುಲ್ ಫ್ರೇಮ್ ಎ7 ಸರಣಿಯ ಕ್ಯಾಮೆರಾ ಬಂದರೂ 56 ಅದರಲ್ಲಿ ಕೂರುತ್ತದೆ. ಆಗ ಕ್ಯಾಮೆರಾ ತನ್ನ ಸೆನ್ಸರಿನ ನಡುಭಾಗ ಮಾತ್ರ ಬಳಸುತ್ತದೆ. 24 ಮೆಗಾಪಿಕ್ಸೆಲ್‌ನ ಎ7 ಮಾರ್ಕ್ 3ರಲ್ಲಿ ಸುಮಾರು 10 ಮೆಗಾಪಿಕ್ಸೆಲ್ ಸಿಗುತ್ತದೆ. 8×12 ಇಂಚಿನ ಪ್ರಿಂಟಿಗೆ ಅಷ್ಟು ಸಾಕು. ಆಮೇಲೆ 56 ಮಾರಿ 85ಕ್ಕೆ ಹೋಗಬಹುದು. ಆಗ ಸಮ್ಯಾಂಗ್ 75 ಎಂಎಂ ಎಫ್ 1.8 ಕೂಡ ನೋಡಿ. ಫುಲ್ ಫ್ರೇಮ್ ಲೆನ್ಸ್, ತೂಕ 230 ಗ್ರಾಂ. ಸಿಗ್ಮಾ 85 ಎಂಎಂ ಎಫ್ 1.4 ಡಿಜಿ ಡಿಎನ್ ಆರ್ಟ್ ಅಂತ 2020ರಲ್ಲಿ ಬಂದ ಲೆನ್ಸ್ ಬಹಳ ಒಳ್ಳೆಯದು. ಆದರೆ 600 ಗ್ರಾಂ ದಾಟುತ್ತದೆ. ನಿಮ್ಮ ಎ6400 ಬ್ಯಾಟರಿ ಸೇರಿ 403 ಗ್ರಾಂ. ಕ್ಯಾಮೆರಾಗಿಂತ ಲೆನ್ಸ್ ಭಾರ. ಬೆಳಗ್ಗೆ ಸುರಗಿ ಶಾಸ್ತ್ರದಿಂದ ರಾತ್ರಿ ಆರತಕ್ಷತೆವರೆಗೆ ಕೈಯಲ್ಲಿ ಹಿಡಿದು ನೋಡಿ, ಮುಂಗೈ ಏನು ಹೇಳುತ್ತದೆ ಅಂತ.

ಈಗ ಕಂಪನಿಗಳು. ಸಿಗ್ಮಾ 56 ಎಂಎಂ ಎಫ್ 1.4 ಡಿಸಿ ಡಿಎನ್ ನನ್ನ ಮೊದಲ ಆಯ್ಕೆ. 2018ರಲ್ಲಿ ಬಂದದ್ದು, ತೂಕ 280 ಗ್ರಾಂ, ಫಿಲ್ಟರ್ ಅಳತೆ 55 ಎಂಎಂ. ಅರ್ಧ ಮೀಟರ್‌ವರೆಗೆ ಹತ್ತಿರ ಹೋಗಬಹುದು. ಎಫ್ 1.4ರಲ್ಲೇ ಕಣ್ಣಿನ ರೆಪ್ಪೆ ಎಣಿಸುವಷ್ಟು ಚುರುಕು. ನಿಮ್ಮ ಕ್ಯಾಮೆರಾದ ಐ ಎಎಫ್ (ಕಣ್ಣು ಹುಡುಕಿ ತಾನೇ ಫೋಕಸ್ ಮಾಡುವ ವ್ಯವಸ್ಥೆ) ಇದರ ಜೊತೆ ಸರಿಯಾಗಿ ಹೊಂದುತ್ತದೆ. ಮಂಟಪದ ಮಬ್ಬು ಬೆಳಕಿನಲ್ಲಿ, ಓಡಾಡುವ ಜನರ ನಡುವೆ ಇದಕ್ಕೇ ನನ್ನ ಓಟು.

ವಿಲ್‌ಟ್ರಾಕ್ಸ್‌ನವರದು 56 ಎಫ್ 1.4 ಒಂದಿದೆ, 2024ರಲ್ಲಿ ಬಂದ ಏರ್ ಸರಣಿಯ 56 ಎಫ್ 1.7 ಇನ್ನೊಂದು. ನಾನಾದರೆ ಹೊಸ 1.7 ಆರಿಸುತ್ತೇನೆ. ತೂಕ 170 ಗ್ರಾಂ ಆಸುಪಾಸು. ಬೆಲೆ ಸಿಗ್ಮಾಗಿಂತ ಸಾಕಷ್ಟು ಕಡಿಮೆ. 1.4ಕ್ಕೂ 1.7ಕ್ಕೂ ನಡುವೆ ಇರುವುದು ಅರ್ಧ ಸ್ಟಾಪ್‌ನಷ್ಟು ಬೆಳಕು (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ). ಸಿಗ್ಮಾದಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಇಟ್ಟ ಕಡೆ ಇದರಲ್ಲಿ 2400 ಇಡುತ್ತೀರಿ. ಆಲ್ಬಮ್ಮಿನಲ್ಲಿ ಆ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಮದುವೆ ಕೆಲಸ ಕಡಿಮೆ, ಮಕ್ಕಳು ಮತ್ತು ಕಿಟಕಿ ಬೆಳಕಿನ ಕೆಲಸವೇ ಜಾಸ್ತಿ ಅನ್ನುವವರು ಇದನ್ನೇ ತೆಗೆದುಕೊಂಡು, ಉಳಿದ ದುಡ್ಡಿಗೆ ಒಂದು ಒಳ್ಳೆ ಸಾಫ್ಟ್‌ಬಾಕ್ಸ್ ತರಲಿ. ಬೆಳಕಿಗೆ ಹಾಕಿದ ದುಡ್ಡು ಲೆನ್ಸಿಗೆ ಹಾಕಿದ್ದಕ್ಕಿಂತ ಬೇಗ ಕಣ್ಣಿಗೆ ಕಾಣುತ್ತದೆ.

ಸೋನಿಯವರದೇ ಬೇಕು ಅಂದರೆ 85 ಒಂದೇ ಅಲ್ಲ. ಇ 50 ಎಂಎಂ ಎಫ್ 1.8 ಒಎಸ್‌ಎಸ್ ಇದೆ. 202 ಗ್ರಾಂ. ಇದರಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇದೆ. ಸಿಗ್ಮಾ, ವಿಲ್‌ಟ್ರಾಕ್ಸ್ 56ರಲ್ಲಿ ಅದಿಲ್ಲ. ನಿಮ್ಮ ಎ6400 ಒಳಗೂ ಇಲ್ಲ. ಕಿಟ್ ಲೆನ್ಸಿನಲ್ಲಿ ಇತ್ತು, ಹಾಗಾಗಿ ನಿಮಗೆ ಈವರೆಗೆ ಗೊತ್ತಾಗಿರಲಿಕ್ಕಿಲ್ಲ. 56 ಹಾಕಿದ ಮೇಲೆ ಶಟರ್ ಸ್ಪೀಡ್ 1/125 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ. ಮಕ್ಕಳಿದ್ದರೆ 1/250. ಕೈಯಲ್ಲಿ ಹಿಡಿದು ವಿಡಿಯೋ ಮಾಡುವುದೇ ನಿಮ್ಮ ಮುಖ್ಯ ಕೆಲಸವಾದರೆ ಮಾತು ಬೇರೆ. ಆಗ ಆ 50 ಒಎಸ್‌ಎಸ್ ಅಥವಾ ಕ್ಯಾಮೆರಾವನ್ನು ಅಲುಗಾಡದಂತೆ ಹಿಡಿಯುವ ಒಂದು ಗಿಂಬಲ್.

ಫೋಕಸ್ ರಿಂಗ್ ಕೈಯಲ್ಲೇ ತಿರುಗಿಸುವ ಅಗ್ಗದ ಮ್ಯಾನುಯಲ್ ಲೆನ್ಸ್‌ಗಳೂ ಬರುತ್ತವೆ. ಹವ್ಯಾಸಕ್ಕೆ ಸೊಗಸು. ಅಕ್ಷತೆ ಬೀಳುವ ಆ ಎರಡು ಸೆಕೆಂಡ್ ಮತ್ತೆ ಬರುವುದಿಲ್ಲ. ದುಡಿಮೆಗೆ ಬೇಡ.

ಬೇರೆ ಕಂಪನಿ ಲೆನ್ಸ್ ಕ್ಯಾಮೆರಾ ಕೆಡಿಸುತ್ತದೆಯೇ? ಇಲ್ಲ. ಸೋನಿ 2011ರಲ್ಲೇ ತನ್ನ ಇ ಮೌಂಟಿನ (ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿ) ಮೂಲ ವಿವರಗಳನ್ನು ಲೆನ್ಸ್ ಮಾಡುವ ಕಂಪನಿಗಳಿಗೆ ಕೊಡಲು ಶುರು ಮಾಡಿತು. ಇವತ್ತು ಈ ಮೌಂಟಿಗೆ ಇಷ್ಟೊಂದು ಲೆನ್ಸ್ ಸಿಗುವುದಕ್ಕೆ ಅದೇ ಕಾರಣ. ತೊಂದರೆ ಬರುವುದು ಬೇರೆ ಕಡೆಯಿಂದ. ಲೆನ್ಸಿನ ಒಳಗೂ ಒಂದು ಸಾಫ್ಟ್‌ವೇರ್ ಇರುತ್ತದೆ. ಹೊಸ ಕ್ಯಾಮೆರಾ ಬಂದಾಗ, ಅಥವಾ ಕ್ಯಾಮೆರಾದ ಸಾಫ್ಟ್‌ವೇರ್ ಬದಲಾದಾಗ, ಒಮ್ಮೊಮ್ಮೆ ಇಬ್ಬರ ಮಾತು ಹೊಂದುವುದಿಲ್ಲ. ಫೋಕಸ್ ತಡವರಿಸುತ್ತದೆ. ಲೆನ್ಸ್ ಕಂಪನಿ ಹೊಸ ಫರ್ಮ್‌ವೇರ್ ಕೊಡುತ್ತದೆ, ಸರಿಹೋಗುತ್ತದೆ. ಸಿಗ್ಮಾದ ಇ ಮೌಂಟ್ ಲೆನ್ಸ್‌ಗಳನ್ನು ಕ್ಯಾಮೆರಾದ ಮೂಲಕವೇ ಅಪ್‌ಡೇಟ್ ಮಾಡಬಹುದು. ವಿಲ್‌ಟ್ರಾಕ್ಸ್ ಏರ್ 56ರಲ್ಲಿ ಮೌಂಟ್ ಬಳಿಯೇ ಯುಎಸ್‌ಬಿ ಕಿಂಡಿ ಇದೆ. ಮದುವೆ ಹಿಂದಿನ ರಾತ್ರಿ ಮಾತ್ರ ಕ್ಯಾಮೆರಾ ಅಪ್‌ಡೇಟ್ ಮಾಡಲು ಹೋಗಬೇಡಿ. ಸೀಸನ್ ಮುಗಿದ ಮೇಲೆ ಮಾಡಿ.

ಇದನ್ನು ಓದುವ ಬೇರೆ ಕ್ಯಾಮೆರಾದವರಿಗೂ ಎರಡು ಮಾತು. ನಿಕಾನ್ ಝಡ್ ಮೌಂಟಿಗೆ ಸಿಗ್ಮಾ 56 ಬಂದದ್ದು 2023ರಲ್ಲಿ. ಫ್ಯೂಜಿಗೂ ಇದೆ. ಕ್ಯಾನನ್ ಆರ್‌ಎಫ್ ಮೌಂಟಿನ ಬಾಗಿಲು ಬಹಳ ದಿನ ಮುಚ್ಚಿತ್ತು. 2024ರ ಏಪ್ರಿಲ್‌ನಲ್ಲಿ ಸಿಗ್ಮಾ ಮತ್ತು ಟ್ಯಾಮ್ರಾನ್ ಕ್ಯಾನನ್ ಪರವಾನಗಿ ಪಡೆದು ಎಪಿಎಸ್-ಸಿ ಲೆನ್ಸ್‌ಗಳನ್ನು ಘೋಷಿಸಿದವು. ಸಿಗ್ಮಾದ ಪಟ್ಟಿಯಲ್ಲಿ 56 ಸಹ ಇತ್ತು. ಕ್ಯಾನನ್‌ನಲ್ಲಿ ಗುಣಿಸಬೇಕಾದ್ದು 1.6ರಿಂದ, ಹಾಗಾಗಿ ಅಲ್ಲಿ 56 ಅಂದರೆ 90ರ ನೋಟ. ಕ್ಯಾನನ್ ಫುಲ್ ಫ್ರೇಮ್ ಇರುವವರು ಆ ಕಂಪನಿಯದೇ 85 ಎಂಎಂ ಎಫ್ 2 ಮ್ಯಾಕ್ರೊ ನೋಡಿ. ದುಡ್ಡು ಕಡಿಮೆ ಇದ್ದರೆ 50 ಎಂಎಂ ಎಫ್ 1.8.

ಈಗ ಹಿನ್ನೆಲೆ ಬ್ಲರ್‌ಗೆ ಬರೋಣ. ನಿಮ್ಮ ಪ್ರಶ್ನೆಯ ಆಸೆ ಅದೇ. ಕಿಟ್ ಲೆನ್ಸ್ 50ರ ತುದಿಯಲ್ಲಿ ಎಫ್ 5.6 ಮಾತ್ರ ಕೊಡುತ್ತದೆ. ಎಫ್ 1.4 ಅದಕ್ಕಿಂತ 16 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಮಂಟಪದಲ್ಲಿ ಐಎಸ್‌ಒ 6400 ಇಟ್ಟು ಕಾಳುಕಾಳಾಗಿ ಬರುತ್ತಿದ್ದ ಫೋಟೊ ಈಗ ಐಎಸ್‌ಒ 400ರಲ್ಲಿ ಬರುತ್ತದೆ. ಬ್ಲರ್‌ಗಿಂತ ದೊಡ್ಡ ಲಾಭ ಇದು.

ಆದರೆ 1.4ರಲ್ಲಿ ಸ್ಪಷ್ಟವಾಗಿ ಬರುವ ಆಳ ಎಷ್ಟು ಗೊತ್ತೇ? 56 ಎಂಎಂ, ಎರಡು ಮೀಟರ್ ದೂರ, ನಿಮ್ಮ ಸೆನ್ಸರ್ ಅಂದರೆ ಸುಮಾರು 7 ಸೆಂಟಿಮೀಟರ್. ಮೂಗಿನ ತುದಿಯಿಂದ ಕಿವಿಯ ಹತ್ತಿರಕ್ಕೆ ಮುಗಿಯಿತು. ಒಂದೇ ಮೀಟರಿಗೆ ಹೋದರೆ 2 ಸೆಂಟಿಮೀಟರ್ ಕೂಡ ಇಲ್ಲ. ಮುಖ ಸ್ವಲ್ಪ ತಿರುಗಿದ್ದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ವಧು-ವರ ಇಬ್ಬರನ್ನೂ ಮೂರು ಮೀಟರಿನಿಂದ ತೆಗೆಯುವಾಗ ಎಫ್ 2.8 ಇಡಿ, 30 ಸೆಂಟಿಮೀಟರ್ ಆಸುಪಾಸು ಆಳ ಸಿಗುತ್ತದೆ. ಎರಡು ಸಾಲು ನಿಂತ ಬೀಗರ ಗುಂಪಿಗೆ 5.6 ಇಟ್ಟು, ಹಿಂದೆ ಸರಿದು ತೆಗೆಯಿರಿ. ಹೊಸ ಲೆನ್ಸ್ ಬಂದ ಹುಮ್ಮಸ್ಸಿನಲ್ಲಿ ಎಲ್ಲವನ್ನೂ 1.4ರಲ್ಲೇ ತೆಗೆದರೆ, ಆಲ್ಬಮ್ ಕೊಡುವ ದಿನ ಅತ್ತೆಯವರ ಮುಖ ಮಸುಕು ಅಂತ ಜಗಳ ಬರುತ್ತದೆ.

ಹಿನ್ನೆಲೆ ಕರಗಬೇಕಾದರೆ ಅಪರ್ಚರ್ ಒಂದೇ ಸಾಲದು. ಎದುರಿನವರ ಹಿಂದೆ ಜಾಗ ಇರಬೇಕು. ನಿಮ್ಮ ಕೋಣೆಯಲ್ಲಿ ಪರದೆ ಮೂರು ಅಡಿ ಹಿಂದೆಯೇ ಇದೆ. ಅಲ್ಲಿ ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಪರದೆಯ ಸುಕ್ಕು ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟೇ. ಇಬ್ರಾಹಿಂ ರೋಜಾದ ಕಮಾನಿನ ಸಾಲಿನಲ್ಲಿ ನಿಲ್ಲಿಸಿ, ಹಿಂದೆ ಐವತ್ತು ಅಡಿ ಖಾಲಿ ಬಿಟ್ಟು ತೆಗೆಯಿರಿ. ಎಫ್ 2.8ರಲ್ಲೇ ಹಿನ್ನೆಲೆ ಕರಗುತ್ತದೆ. ಆ ನೆರಳಿನ ಬೆಳಕು ಮುಖಕ್ಕೂ ಹಿತ.

ಅದೇ ಬಾರಾ ಕಮಾನಿಗೆ ಹೋದರೆ ಚಾವಣಿ ಇಲ್ಲ. ಮೇಲೆ ನೇರ ಬಿಸಿಲು. ನಮ್ಮ ಕಡೆಯ ಮಧ್ಯಾಹ್ನದ ಬಿಸಿಲಿನಲ್ಲಿ ಐಎಸ್‌ಒ 100, ಎಫ್ 16 ಇಟ್ಟರೆ ಶಟರ್ 1/100 ಬೇಕು. ಇದು ಹಳೆಯ ಸೂತ್ರ, ನಿಮ್ಮ ತಂದೆಯವರಿಗೆ ಬಾಯಿಪಾಠ ಇರುತ್ತದೆ. ಅಲ್ಲಿಂದ ಎಫ್ 1.4ಕ್ಕೆ ಬರಲು ಏಳು ಸ್ಟಾಪ್ ಇಳಿಯಬೇಕು. ಶಟರ್ 1/12800 ಆಗುತ್ತದೆ. ನಿಮ್ಮ ಕ್ಯಾಮೆರಾದ ಮೆಕ್ಯಾನಿಕಲ್ ಶಟರ್ 1/4000ಕ್ಕೆ ನಿಂತುಬಿಡುತ್ತದೆ. ಅಂದರೆ ನಡುಮಧ್ಯಾಹ್ನ ಎಫ್ 2.5ಕ್ಕಿಂತ ಕೆಳಗೆ ಹೋದರೆ ಫೋಟೊ ಬಿಳಿಚುತ್ತದೆ. ಬೆಳಕನ್ನು ಮೂರು ಸ್ಟಾಪ್ ತಗ್ಗಿಸುವ ಎನ್‌ಡಿ ಫಿಲ್ಟರ್ ಒಂದು ತಂದಿಟ್ಟುಕೊಳ್ಳಿ. ಇಲ್ಲವೇ ಬೆಳಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ಹೋಗಿ. ಜೋಡಿಗೂ ಕಣ್ಣು ಕಿವುಚುವ ಕಷ್ಟ ತಪ್ಪುತ್ತದೆ.

ಬಿಸಿಲಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕ್ಯಾಮೆರಾ ಮೆನುವಿನಲ್ಲಿ ಇ-ಫ್ರಂಟ್ ಕರ್ಟನ್ ಶಟರ್ (ಶಟರ್ ತೆರೆಯುವ ಕೆಲಸವನ್ನು ಎಲೆಕ್ಟ್ರಾನಿಕ್ ಆಗಿ ಮಾಡುವುದು) ಅಂತ ಇರುತ್ತದೆ. ಅದು ಆನ್ ಇದ್ದು, ಶಟರ್ 1/2000ರ ಆಚೆ ಹೋಗಿ, ಅಪರ್ಚರ್ ಪೂರ್ತಿ ತೆರೆದಿದ್ದರೆ ಹಿನ್ನೆಲೆಯ ಬೆಳಕಿನ ಉಂಡೆಗಳು ಅರ್ಧ ಕತ್ತರಿಸಿದಂತೆ ಬರುತ್ತವೆ. ಬೇರೆ ಕಂಪನಿ ಲೆನ್ಸ್ ಇದ್ದಾಗ ಬೆಳಕು ಒಂದೇ ಸಮ ಬರದೆಯೂ ಇರಬಹುದು. ಜನ ಲೆನ್ಸೇ ಸರಿಯಿಲ್ಲ ಅಂತ ವಾಪಸ್ ಕೊಡಲು ಹೋಗುತ್ತಾರೆ. ಹೊರಗಡೆ ಕೆಲಸ ಮಾಡುವಾಗ ಅದನ್ನು ಆಫ್ ಮಾಡಿ, ಮುಗಿಯಿತು. ಎ6400ರಲ್ಲಿ ಆಫ್ ಮಾಡಲು ಬರುತ್ತದೆ. ಸೋನಿ ಎ7ಸಿ, ಕ್ಯಾನನ್ ಆರ್50 ಇಂಥ ಕ್ಯಾಮೆರಾಗಳಲ್ಲಿ ಪೂರ್ತಿ ಮೆಕ್ಯಾನಿಕಲ್ ಶಟರ್ ಇಲ್ಲ. ಅವರಿಗೆ ಎನ್‌ಡಿ ಫಿಲ್ಟರ್ ಒಳ್ಳೆ ದಾರಿ.

ಗೋಳಗುಮ್ಮಟದ ಮುಂದೆ ಜೋಡಿಯನ್ನು ನಿಲ್ಲಿಸುವುದು ನಿಮ್ಮೂರಿನ ಪದ್ಧತಿ. ಮೇಲಿನ ಲೆಕ್ಕ ಅಲ್ಲೂ ಹಾಕಿ ನೋಡಿ. ಕಟ್ಟಡದ ಎತ್ತರ ಸುಮಾರು 51 ಮೀಟರ್. 56ರಲ್ಲಿ ಅದು ನಿಲುವಾಗಿ ಪೂರ್ತಿ ಬರಬೇಕಾದರೆ 120 ಮೀಟರ್ ದೂರ ಹೋಗಬೇಕು. ಅಲ್ಲಿ ಕಿಟ್ ಲೆನ್ಸ್ ಹಾಕಿ. 56ರಲ್ಲಿ ಗುಮ್ಮಟದ ಒಂದು ಮೂಲೆಯ ಮಿನಾರು, ಅದರ ಕಿಟಕಿಯ ಸಾಲು ಹಿನ್ನೆಲೆಗೆ ಇಟ್ಟುಕೊಳ್ಳಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು. ಕೈಯಲ್ಲಿ ಹಿಡಿಯುವ ಹಗುರ ಲೆನ್ಸ್ ಇದ್ದರೆ ಅಲ್ಲೂ ಅನುಕೂಲ.

ಜರಿ ಸೀರೆ ಇದ್ದಾಗ ಒಂದು ವಿಷಯ ಗಮನಿಸಿ. ದೊಡ್ಡ ಅಪರ್ಚರ್ ಲೆನ್ಸ್‌ಗಳಲ್ಲಿ ಹೊಳೆಯುವ ಅಂಚಿನ ಸುತ್ತ ಬಣ್ಣದ ಎಳೆ ಕಾಣುತ್ತದೆ. ಫೋಕಸಿನ ಮುಂದೆ ಇರುವ ಜರಿಗೆ ನೇರಳೆ, ಹಿಂದೆ ಇರುವುದಕ್ಕೆ ಹಸಿರು. ಬಾಸಿಂಗ, ಬೆಳ್ಳಿ ಆಭರಣ, ಬಿಳಿ ರುಮಾಲಿನ ಅಂಚಲ್ಲೂ ಹೀಗೆ. ಸೋನಿಯ 85 ಎಫ್ 1.8 ಸಹ ಇದಕ್ಕೆ ಹೊರತಲ್ಲ. ಎಫ್ 2ರಿಂದ 2.8ಕ್ಕೆ ಬಂದರೆ ಬಹುಪಾಲು ಹೋಗುತ್ತದೆ, ಉಳಿದದ್ದನ್ನು ಸಾಫ್ಟ್‌ವೇರಿನಲ್ಲಿ ತೆಗೆಯಬಹುದು. ಮಂಟಪದ ಸೀರಿಯಲ್ ಲೈಟುಗಳು ಫ್ರೇಮಿನ ಅಂಚಿನಲ್ಲಿ ಗುಂಡಗೆ ಬರದೆ ಬಾದಾಮಿ ಆಕಾರದಲ್ಲಿ ಬಂದರೆ ಅದು ದೋಷ ಅಲ್ಲ. ಎಲ್ಲಾ ದೊಡ್ಡ ಅಪರ್ಚರ್ ಲೆನ್ಸಿನ ಸ್ವಭಾವ ಅದು. ಬಾಸಿಂಗ ಕಟ್ಟಿದ ಮೇಲೆ ಐ ಎಎಫ್ ಒಮ್ಮೊಮ್ಮೆ ಇಳಿಬಿದ್ದ ಮುತ್ತಿನ ಎಳೆಯನ್ನು ಹಿಡಿಯುತ್ತದೆ. ಎಡಗಣ್ಣೋ ಬಲಗಣ್ಣೋ ಅಂತ ಮೆನುವಿನಲ್ಲಿ ಆರಿಸಿಟ್ಟುಕೊಳ್ಳಿ. ಆದರೂ ಎರಡು ಮೂರು ಫೋಟೊ ಹೆಚ್ಚಿಗೆ ತೆಗೆದಿರಿ.

ಧೂಳಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಿಗ್ಮಾ 56ರ ಮೌಂಟಿನ ಸುತ್ತ ಮಾತ್ರ ಧೂಳು-ತುಂತುರು ತಡೆಯುವ ರಬ್ಬರ್ ಇದೆ. ಪೂರ್ತಿ ಸೀಲ್ ಆದ ಲೆನ್ಸ್ ಅಲ್ಲ. ಬಾಗಲಕೋಟೆಯ ಹೋಳಿ ಹಬ್ಬದಲ್ಲಿ ಬಂಡಿಯ ಮೇಲಿನ ಬ್ಯಾರಲ್‌ಗಳಿಂದ ಬಣ್ಣದ ನೀರು ಎರಚುತ್ತಾರಲ್ಲ, ಅಲ್ಲಿಗೆ ಹೋಗುವುದಾದರೆ ಮಳೆ ಕವರ್ ಹಾಕಿ. ಬೀದಿಯಲ್ಲಿ ನಿಂತು ಲೆನ್ಸ್ ಬದಲಿಸಲೇಬೇಡಿ. ಗಾಜಿನ ಮೇಲೆ ಧೂಳು ಕೂತಿದ್ದರೆ ಮೊದಲು ಬ್ಲೋವರ್, ಆಮೇಲೆ ಬಟ್ಟೆ. ಅಂಗಿ ತುದಿಯಿಂದ ಒರೆಸುವ ಅಭ್ಯಾಸ ಬಿಡಿ. ಬೆಳಗಾವಿಯವರಿಗೆ ಧೂಳಿಗಿಂತ ಮಳೆಗಾಲದ ಫಂಗಸ್ ಕಾಟ. ಅವರು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕು, ಜೆಲ್‌ನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಬೇಕು. ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡುವವರು ಮೊಬೈಲ್ ಟಾರ್ಚನ್ನು ಒಂದು ಬದಿಯಿಂದ ಹಿಡಿದು ಇನ್ನೊಂದು ಬದಿಯಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡ.

ಅಂಗಡಿಗೆ ನಿಮ್ಮ ಕ್ಯಾಮೆರಾ, ಖಾಲಿ ಕಾರ್ಡ್ ತೆಗೆದುಕೊಂಡು ಹೋಗಿ. ಜೊತೆಯಲ್ಲಿ ಒಬ್ಬರಿರಲಿ. ಅವರು ನಿಮ್ಮ ಕಡೆಗೆ ಮಾಮೂಲಿ ವೇಗದಲ್ಲಿ ನಡೆದು ಬರಲಿ. ನೀವು ಎಫ್ 1.4ರಲ್ಲಿ ಸರಣಿ ತೆಗೆಯಿರಿ. ಪರದೆಯಲ್ಲಿ ದೊಡ್ಡದು ಮಾಡಿ ಕಣ್ಣು ನೋಡಿ. ಹತ್ತರಲ್ಲಿ ಏಳೆಂಟು ಸ್ಪಷ್ಟ ಇದ್ದರೆ ಒಳ್ಳೆಯ ಪೀಸ್. ಆಮೇಲೆ ಇಟ್ಟಿಗೆ ಗೋಡೆಯನ್ನೋ, ಸಾಲಾಗಿ ಅಂಟಿಸಿದ ಪೋಸ್ಟರುಗಳನ್ನೋ ನೇರವಾಗಿ ನಿಂತು ಎಫ್ 2ರಲ್ಲಿ ತೆಗೆಯಿರಿ. ನಾಲ್ಕು ಮೂಲೆ ಹೋಲಿಸಿ. ಎಡ ಮೂಲೆ ಸ್ಪಷ್ಟ, ಬಲ ಮೂಲೆ ಮಸುಕು ಅಂತ ಇದ್ದರೆ ಒಳಗಿನ ಗಾಜು ಓರೆ ಕೂತಿದೆ. ಬೇರೆ ಪೀಸ್ ಕೇಳಿ. ಇದು ಅಗ್ಗದ ಲೆನ್ಸಿನಲ್ಲಷ್ಟೇ ಅಲ್ಲ, ಎಲ್ಲದರಲ್ಲೂ ಒಮ್ಮೊಮ್ಮೆ ಸಿಗುತ್ತದೆ. ಕೊನೆಗೆ ಟ್ಯೂಬ್‌ಲೈಟಿನ ಕಡೆ ಮುಖ ಮಾಡಿ ಒಂದು ತೆಗೆದು, ಫೋಟೊ ಎಷ್ಟು ಬಿಳಿಚುತ್ತದೆ ನೋಡಿ. ಲೆನ್ಸ್ ಹುಡ್ ಡಬ್ಬಿಯಲ್ಲೇ ಬಂದಿದೆಯೇ ಕೇಳಿ. ಮದುವೆ ಗದ್ದಲದಲ್ಲಿ ಆ ಹುಡ್ ಯುವಿ ಫಿಲ್ಟರ್‌ಗಿಂತ ಚೆನ್ನಾಗಿ ಗಾಜನ್ನು ಕಾಯುತ್ತದೆ.

ಬಿಲ್ ಇಲ್ಲದೆ ಎರಡು ಮೂರು ಸಾವಿರ ಕಡಿಮೆ ಮಾಡುತ್ತೇವೆ ಅಂದರೆ ಒಪ್ಪಬೇಡಿ. ಹೊರದೇಶದಿಂದ ಸುಮ್ನೆ ತರಿಸಿದ ಲೆನ್ಸಿಗೆ ಇಲ್ಲಿನ ವಾರಂಟಿ ಇರುವುದಿಲ್ಲ. ವಾರಂಟಿ ಕಾರ್ಡಿನಲ್ಲಿ ಭಾರತದ ವಿತರಕರ ಹೆಸರು, ವಿಳಾಸ ಇದೆಯೇ ನೋಡಿ. ಲೆನ್ಸಿನ ಮೇಲಿನ ಸೀರಿಯಲ್ ನಂಬರ್, ಡಬ್ಬಿಯ ನಂಬರ್, ಬಿಲ್ಲಿನ ನಂಬರ್ ಮೂರೂ ಒಂದೇ ಇರಲಿ. ಸ್ಟುಡಿಯೋಗೆ ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್ಲನ್ನು ಸ್ಟುಡಿಯೋ ಹೆಸರಿನಲ್ಲೇ, ನಿಮ್ಮ ನಂಬರ್ ಹಾಕಿಸಿ ಪಡೆಯಿರಿ. ಕಟ್ಟಿದ 18 ಶೇಕಡಾ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಸಿಗ್ಮಾಗೂ ವಿಲ್‌ಟ್ರಾಕ್ಸ್‌ಗೂ ನಡುವೆ ನಿಮಗೆ ಕೊರತೆ ಬೀಳುತ್ತಿರುವ ದುಡ್ಡಿನಲ್ಲಿ ಒಂದಷ್ಟು ಅಲ್ಲಿಯೇ ಸಿಗಬಹುದು.